‘ಸಮನ್ಸ್ ಜಾರಿ’ ಅಂದ್ರೆ ಹೊರಟಿತು ಅಂತಲೋ, ಮುಟ್ಟಿತು ಅಂತಲೋ?

ಎಲ್ಲರಿಗೂ ನಮಸ್ಕಾರ.

‘ಜಾರಿ’ ಅನ್ನೋ ಪದದ ಬಗ್ಗೆ ನಿಮ್ಮ ಸಹಾಯ ಬೇಕು. ಮಂಡ್ಯದಲ್ಲಿ ನಮ್ಮ ಬೀದಿಯ ಅಜ್ಜಿಯೊಬ್ಬರ ಮೇಲೆ ಅವರ ಮೈದುನ ಜಮೀನಿನ ಪಾಲಿಗೆ ದಾವೆ ಹಾಕಿದ್ದರು. ಅಮೀನರು, ಅಂದರೆ ಕೋರ್ಟಿನ ಕಾಗದ ಮುಟ್ಟಿಸುವ ನೌಕರರು, ಸಮನ್ಸ್ ತಂದಾಗ ಅಜ್ಜಿ ತಗೊಳ್ಳಲಿಲ್ಲ. ಅವರು ಬಾಗಿಲಿಗೆ ಒಂದು ಪ್ರತಿ ಅಂಟಿಸಿ ಹೋದರು. ಅಜ್ಜಿ ಅದನ್ನು ಕಿತ್ತು, ನಾಲ್ಕು ಮಡಿಕೆ ಮಾಡಿ, ರೇಷನ್ ಕಾರ್ಡ್ ಇಡೋ ಕವರಿಗೆ ಸೇರಿಸಿ ಸುಮ್ಮನಾದರು. ನನಗೆ ಹೇಳಿದ್ದು ಇಷ್ಟೇ: “ನಾನು ಹೆಬ್ಬೆಟ್ಟೇ ಒತ್ತಿಲ್ಲ ಕಣಪ್ಪ, ಅದೆಂಗೆ ಜಾರಿಯಾಯ್ತದೆ?”

ಕೋರ್ಟಿನ ಹಾಳೆಯಲ್ಲಿ ಇದ್ದದ್ದೇ ಬೇರೆ. ‘ಸಮನ್ಸ್ ಜಾರಿಯಾಗಿದೆ, ಕೂಗಿಸಲಾಗಿ ಗೈರುಹಾಜರು, ಏಕಪಕ್ಷೀಯ.’ ಅಂದರೆ ಇನ್ನು ಅಜ್ಜಿ ಇಲ್ಲದೆಯೇ ಕೇಸು ನಡೆಯುತ್ತದೆ ಅಂತ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಸಮನ್ಸ್ ಬೇಡ ಅಂದವರ ಬಾಗಿಲಿಗೆ ಅಂಟಿಸಬಹುದು, ಕೋರ್ಟು ಅದನ್ನೇ ಜಾರಿ ಅಂತ ಒಪ್ಪಬಹುದು. ಜಾರಿಯಾದ ದಿನದಿಂದ 30 ದಿನದೊಳಗೆ ಉತ್ತರ ಕೊಡಬೇಕು. ಹಾಗೆ ಏಕಪಕ್ಷೀಯ ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಆದಮೇಲೆ ಅದನ್ನು ರದ್ದು ಮಾಡಿ ಅಂತ ಕೇಳೋದಕ್ಕೂ 30 ದಿನವೇ. ಅಜ್ಜಿಗೆ ಎರಡೂ ಗೊತ್ತಿರಲಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರದ ಕಡೆಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ, ಅದನ್ನೂ ಯಾರೂ ಹೇಳಿರಲಿಲ್ಲ. ನೆನೆದರೆ ಹೊಟ್ಟೆ ಉರಿಯುತ್ತದೆ.

ಈಗ ಪದಕ್ಕೆ ಬರೋಣ. ‘ಜಾರಿ’ ಅರಬ್ಬಿಯಿಂದ ಬಂದದ್ದು, ಹರಿಯುವ, ನಡೆಯುತ್ತಿರುವ ಅಂತ ಮೂಲ ಅರ್ಥ. ನಮ್ಮಲ್ಲಿ ಅದು ಮೂರು ಕೆಲಸ ಮಾಡುತ್ತಿದೆ. ಪೇಪರಿನಲ್ಲಿ ‘ಕೋರ್ಟಿನಿಂದ ಸಮನ್ಸ್ ಜಾರಿ’ ಅಂದರೆ ಹೊರಡಿಸಿದ್ದು. ಅಮೀನರ ಬಾಯಲ್ಲಿ ಜಾರಿ ಅಂದರೆ ಮುಟ್ಟಿಸಿದ್ದು. ಡಿಕ್ರಿ ಜಾರಿ ಅಂದರೆ ತೀರ್ಪಿನಂತೆ ಮಾಡಿಸುವುದು, ಅದಕ್ಕೆ ಅಮಲ್ಜಾರಿ ಅಂತಲೂ ಇದೆ. ದಿನದ ಲೆಕ್ಕ ಶುರುವಾಗೋದು ಎರಡನೆಯದರಿಂದ, ಜನ ದಿನಾ ಕೇಳೋದು ಮಾತ್ರ ಮೊದಲನೆಯದನ್ನ.

ನಮ್ಮ ಬೀದಿಯವರಿಗೆ ಹಂಚೋಕೆ ಒಂದು ಪುಟದ ತಿಳಿವಳಿಕೆ ಪತ್ರ ಬರೆಯುತ್ತಿದ್ದೇನೆ. ಮೊದಲನೆಯದಕ್ಕೆ ‘ಹೊರಡಿಸು’, ಎರಡನೆಯದಕ್ಕೆ ‘ಮುಟ್ಟಿಸು’ ಅಂತ ಹಾಕಿದ್ದೇನೆ. ಆದರೆ ‘ಮುಟ್ಟಿದೆ’ ಅಂದರೆ ಕೈಗೆ ಬಂದಿದೆ ಅಂತಲೇ ಅಲ್ವಾ? ಅಜ್ಜಿಯ ಕೈಗೆ ಯಾರೂ ಕೊಟ್ಟಿಲ್ಲ, ಆದರೂ ಕಾನೂನಿನ ಲೆಕ್ಕದಲ್ಲಿ ಮುಟ್ಟಿದೆ. ‘ಮುಟ್ಟಿದಂತೆ ಲೆಕ್ಕ’ ಅಂತ ಬರೆದರೆ ಓದು ಬಾರದವರಿಗೆ ಓದಿ ಹೇಳಿದಾಗ ಅರ್ಥವಾಗುತ್ತದೆಯೇ? ನಿಮ್ಮ ಕಡೆಯ ಹಳ್ಳಿಗಳಲ್ಲಿ, ಹಳೇ ಗುಮಾಸ್ತರ ಬಾಯಲ್ಲಿ ಇದಕ್ಕೆ ಬೇರೆ ಮಾತೇನಾದರೂ ಇದ್ದರೆ ದಯವಿಟ್ಟು ತಿಳಿಸಿ.