ಹೊಳೆಯ ಬೆಣಚುಕಲ್ಲಿನೊಳಗೆ ಹರಳುಗಳು: ಇವು ಏನು, ಬಂದದ್ದು ಹೇಗೆ?

ಪ್ರಶ್ನೆ:
ಮಾನ್ಯರೇ, ಹೊಳೆನರಸೀಪುರದ ಬಳಿ ಹೇಮಾವತಿಯ ದಂಡೆಯಲ್ಲಿ ಬಿಳಿಯ, ನುಣುಪಾದ ಬೆಣಚುಕಲ್ಲುಗಳು ಸಿಗುತ್ತವೆ. ಒಡೆದು ಬಿದ್ದಿದ್ದ ಒಂದು ಕಲ್ಲಿನೊಳಗೆ ಟೊಳ್ಳು ಇದ್ದು, ಅದರ ಸುತ್ತ ಚೂಪು ತುದಿಯ ತಿಳಿಯಾದ ಹರಳುಗಳು ಒತ್ತಾಗಿ ನಿಂತಿವೆ. ಇವು ಸ್ಫಟಿಕವೋ, ಸುಣ್ಣದ ಖನಿಜವಾದ ಕ್ಯಾಲ್ಸೈಟೋ? ಹೊರಗೆ ಇಷ್ಟು ಸವೆದ ಕಲ್ಲಿನ ಒಳಗೆ ಇಷ್ಟು ಹರಿತವಾದ ಹರಳುಗಳು ಉಳಿದದ್ದು ಹೇಗೆ?

ಉತ್ತರ 1:
ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಸ್ಫಟಿಕದ್ದು 7 ಇರುವುದರಿಂದ ಅದು ಗಾಜನ್ನು ಸುಲಭವಾಗಿ ಗೀರುತ್ತದೆ. ಕ್ಯಾಲ್ಸೈಟಿನದು 3 ಮಾತ್ರ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದರೆ ಅದು ನೊರೆಯುತ್ತದೆ. ಆರು ಮುಖದ ಕಂಬ ಮತ್ತು ಅದರ ಮೈಮೇಲೆ ಅಡ್ಡಗೆರೆಗಳು ಭೂತಗನ್ನಡಿಯಲ್ಲಿ ಕಂಡರೆ ಸ್ಫಟಿಕವೆಂದೇ ತಿಳಿಯಿರಿ.

ಎರಡನೆಯ ಪ್ರಶ್ನೆ ನಿಜಕ್ಕೂ ಸೊಗಸಾದದ್ದು. ಹರಳುಗಳು ಹುಟ್ಟಿದ್ದು ಹೊಳೆಯಲ್ಲಲ್ಲ, ಬಂಡೆಯಲ್ಲಿ. ನೆಲದಾಳದ ಬಿರುಕುಗಳಲ್ಲಿ ಹರಿಯುವ ಬಿಸಿನೀರು ಸಿಲಿಕಾವನ್ನು (ಸ್ಫಟಿಕವಾಗುವ ವಸ್ತುವನ್ನು) ಕರಗಿಸಿಕೊಂಡಿದ್ದು, ಶಾಖವೂ ಒತ್ತಡವೂ ಇಳಿದಂತೆ ಅದನ್ನು ಬಿರುಕಿನ ಎರಡೂ ಬದಿಗೆ ಬಿಟ್ಟುಕೊಡುತ್ತದೆ. ಹರಳುಗಳು ಅಲ್ಲಿಂದ ನಡುವಿನತ್ತ ಬೆಳೆಯುತ್ತವೆ. ಬಿರುಕು ಪೂರ್ತಿ ತುಂಬಿದಲ್ಲಿ ಅವು ಒಂದಕ್ಕೊಂದು ಒತ್ತಿ ಬಿಳಿಯ ಗಟ್ಟಿ ಬೆಣಚುಕಲ್ಲಾಗುತ್ತವೆ. ಜಾಗ ಉಳಿದಲ್ಲಿ ಮಾತ್ರ ತುದಿಗಳು ರೂಪುಗೊಳ್ಳುತ್ತವೆ. ಬಹುಕಾಲದ ಮೇಲೆ ಬಂಡೆ ಶಿಥಿಲವಾಗಿ, ಆ ತುಂಡು ಹೊಳೆಗೆ ಬಿದ್ದು ಉರುಳಿದಾಗ ಸವೆದದ್ದು ಹೊರಮೈ ಮಾತ್ರ. ಮುಚ್ಚಿದ ಟೊಳ್ಳಿಗೆ ಮರಳಿನ ತಿಕ್ಕಾಟ ತಾಗಲೇ ಇಲ್ಲ.

ಉತ್ತರ 2:
ಇದನ್ನು ಹಲವರು ಜಿಯೋಡ್ (ಒಳಗೋಡೆಯಲ್ಲಿ ಹರಳುಗಳಿರುವ ಟೊಳ್ಳು ಕಲ್ಲುಂಡೆ) ಎಂದುಬಿಡುತ್ತಾರೆ, ನಾನು ಒಪ್ಪುವುದಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆಗೆ ಹಬ್ಬಿರುವ ದಖನ್ನಿನ ಬಸಾಲ್ಟು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ. ಅದರಲ್ಲಿ ಅನಿಲದ ಗುಳ್ಳೆಗಳು ಬಿಟ್ಟ ಪೊಳ್ಳುಗಳಲ್ಲಿ ಜಿಯೋಡುಗಳಾಗುತ್ತವೆ. ಹಾಸನ, ಗೊರೂರಿನ ಸುತ್ತಲಿನ ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆಯಾದರೋ 300 ಕೋಟಿ ವರ್ಷಗಳಿಗಿಂತಲೂ ಹಳೆಯದು, ಅಲ್ಲಿ ಅಂಥ ಗುಳ್ಳೆಗಳಿಲ್ಲ. ಆದ್ದರಿಂದ ನಿಮ್ಮದು ಬೆಣಚುಕಲ್ಲಿನ ಪಟ್ಟೆಯೊಳಗಿನ ಟೊಳ್ಳು ಎನ್ನುವುದೇ ಸರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಹರಳು ಗಾಜನ್ನು ಗೀರಿತು, ಆಮ್ಲಕ್ಕೆ ನೊರೆ ಬರಲಿಲ್ಲ. ಒಡೆಯದ ಕಲ್ಲುಗಳಲ್ಲಿ ಟೊಳ್ಳಿರುವುದನ್ನು ಮೊದಲೇ ತಿಳಿಯಬಹುದೇ?

ಉತ್ತರ 3:
ಟೊಳ್ಳು ದೊಡ್ಡದಾಗಿದ್ದರೆ ಕಲ್ಲು ಗಾತ್ರಕ್ಕಿಂತ ಹಗುರವೆನಿಸುತ್ತದೆ. ಗಟ್ಟಿ ಸ್ಫಟಿಕವು ಅಷ್ಟೇ ಗಾತ್ರದ ನೀರಿನ 2.65 ಪಟ್ಟು ತೂಗಬೇಕು. ತೂಕವನ್ನೂ, ಮುಳುಗಿಸಿದಾಗ ಸರಿಯುವ ನೀರನ್ನೂ ಅಳೆದು ನೋಡಿ. ಆದರೆ ಹೊರಗಿನ ಸೀಳಿನಿಂದ ಟೊಳ್ಳಿಗೆ ನೀರು ನುಗ್ಗಿದರೆ ಈ ಲೆಕ್ಕ ತಪ್ಪುತ್ತದೆ. ದಯವಿಟ್ಟು ಸುತ್ತಿಗೆಯಿಂದ ಒಡೆಯಬೇಡಿ, ಚೂರುಗಳು ಕಣ್ಣಿಗೆ ಸಿಡಿಯುತ್ತವೆ, ಹರಳುಗಳೂ ಮುರಿಯುತ್ತವೆ. ವಜ್ರದ ಗರಗಸವಿರುವ ಕಲ್ಲು ಕೊಯ್ಯುವವರಲ್ಲಿ ನೀರು ಹಾಯಿಸುತ್ತಾ ಕೊಯ್ಯಿಸಿ; ಒಣ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಬಹಳ ಅಪಾಯಕಾರಿ.