ಬೀಗದ ಕೈ ಯಾರ ಸೊಂಟದಲ್ಲಿ?

"ಸಿನಿಮಾಗೆ ದುಡ್ಡು ಕೊಟ್ಟಿದ್ದೀನಿ, ಆಪ್‌ನಲ್ಲಿ ಡೌನ್‌ಲೋಡ್ ಮಾಡಿದ್ದೀನಿ, ಪಕ್ಕದಲ್ಲಿ ಹಸಿರು ಟಿಕ್ ಕೂಡ ಬಿದ್ದಿದೆ. ವಿಮಾನ ಮೇಲೇರಿದ ಮೇಲೆ ಒತ್ತಿದ್ರೆ ‘ಏನೋ ತೊಂದರೆಯಾಗಿದೆ, ನೆಟ್‌ವರ್ಕ್ ಇರುವ ಕಡೆ ಹೋಗಿ’ ಅನ್ನುತ್ತೆ. ಎಲ್ಲಿಗೆ ಹೋಗಲಿ, ಬಾಗಿಲು ತೆಗೆದು ಇಳೀಲಾ?" ಅಂದ ಸೀನ.

ಗಿರಿಗೆ ಆಪ್ ಬರೆಯುವುದೇ ಹೊಟ್ಟೆಪಾಡು. ಹಾಗಾಗಿ ಬೈಗುಳ ಯಾವ ಆಪ್‌ಗೆ ಬಿದ್ದರೂ ಅವನೇ ಎತ್ತಿಕೊಳ್ಳುತ್ತಾನೆ.

"ಫೈಲ್ ನಿನ್ನ ಫೋನಲ್ಲೇ ಇದೆ ಮಾರಾಯ, ಹೋಗಿರೋದು ಲೈಸೆನ್ಸ್, ಅಂದ್ರೆ ಅದನ್ನ ನೋಡೋ ಅನುಮತಿ. ಪೆಟ್ಟಿಗೆ ನಿನ್ನ ಮನೇಲಿ, ಬೀಗದ ಕೈ ಅವರ ಸೊಂಟದಲ್ಲಿ. ಸರ್ವರ್ ಕೀ ಕಳಿಸುವಾಗಲೇ ಗಡುವನ್ನೂ ಹಾಕಿ ಕಳಿಸುತ್ತೆ. ಬಾಡಿಗೆ ಸಿನಿಮಾಗೆ ಎಷ್ಟೋ ಕಡೆ ಶುರು ಮಾಡೋಕೆ 30 ದಿನ, ಶುರು ಮಾಡಿದ ಮೇಲೆ ಮುಗಿಸೋಕೆ 48 ಗಂಟೆ."

"ಅದನ್ನ ಟಿಕ್ ಪಕ್ಕದಲ್ಲೇ ಬರೆದಿದ್ರೆ ಏನು ಗಂಟು ಹೋಗ್ತಿತ್ತು?" ಅಂದಳು ಮಾಲತಿ.

"ಏನೂ ಹೋಗ್ತಿರಲಿಲ್ಲ. ಚಂದಾ ಕಟ್ಟಿರೋನಾದ್ರೆ ವೈಫೈ ಇದ್ದಾಗಲೇ ಆಪ್ ತಾನಾಗೇ ಕೀ ಹೊಸದು ಮಾಡ್ಕೋಬೇಕು. ಆಂಡ್ರಾಯ್ಡ್ 4.3ರಿಂದಲೂ ಈ ಬೀಗ-ಕೀಗಳನ್ನ ನೋಡಿಕೊಳ್ಳೋ ಮೀಡಿಯಾಡಿಆರ್‌ಎಂ ಅಂತ ಒಂದಿದೆ, ಕೀ ಎಷ್ಟು ಹೊತ್ತು ಬಾಳುತ್ತೆ ಅಂತ ಅದನ್ನ ಕೇಳಬಹುದು. ಕೇಳೋರು ಬೇಕಲ್ಲ!"

"ನಾನು ಗಡಿಯಾರ ಎರಡು ದಿನ ಹಿಂದಕ್ಕೆ ತಿರುಗಿಸಿ ನೋಡಿದೆ," ಅಂದ ಸೀನ, ಹೆಮ್ಮೆಯಿಂದಲೇ.

"ನೀನು ಚಾಪೆ ಕೆಳಗೆ ತೂರ್ತೀಯ ಅಂತ ಗೊತ್ತಿದ್ದೇ ಅದು ರಂಗೋಲಿ ಕೆಳಗೆ ತೂರಿರುತ್ತೆ. ಸರಿಯಾಗಿ ಮಾಡಿರೋ ಕಡೆ ನಿನ್ನ ಗಡಿಯಾರಾನ ಯಾರೂ ನಂಬಲ್ಲ."

ಇಲ್ಲಿಯವರೆಗೆ ನಾನು ಗಿರಿಯ ಪಕ್ಷ. ಬೀಗ ಹಾಕುವುದು ತಪ್ಪಲ್ಲ, ಸಿನಿಮಾ ಮಾಡಿದವರೂ ಉಣ್ಣಬೇಕು. ಆದರೆ ಪೆಟ್ಟಿಗೆಯ ಜೊತೆ ಬಾಯಿಗೂ ಬೀಗ ಹಾಕಿಕೊಳ್ಳುವ ಆಪ್‌ಗೆ ಏನು ಹೇಳೋಣ? ಸೀನನ ಫೋನಿನದೇ ಇನ್ನೊಂದು ಕಥೆ: ಫೋನ್ ಆನ್ ಆಗುವಾಗ ಮೊದಲು ಓಡುವ ಬೂಟ್‌ಲೋಡರ್ ಅನ್ನುವ ಪ್ರೋಗ್ರಾಂ ಅನ್ನು ಅನ್‌ಲಾಕ್ ಮಾಡಿಕೊಂಡಿದ್ದ. ಅಂದಿನಿಂದ ನಾಯಕನ ಮೀಸೆ ಎಲ್ಲಿ ಮುಗಿದು ಬಾಯಿ ಎಲ್ಲಿ ಶುರುವಾಗುತ್ತೆ ಅಂತಲೇ ಗೊತ್ತಾಗುತ್ತಿಲ್ಲವಂತೆ.

"ಗೂಗಲ್‌ನ ವೈಡ್‌ವೈನ್ ಅನ್ನೋ ಬೀಗ ಎಲ್1 ಮಟ್ಟದಿಂದ ಎಲ್3ಗೆ ಇಳಿದಿದೆ," ಅಂದ ಗಿರಿ. "ಎಲ್1 ಅಂದ್ರೆ ಬೀಗ ತೆಗೆಯೋ ಕೆಲಸ ಚಿಪ್ಪಿನೊಳಗಿನ ಭದ್ರ ಕೋಣೇಲಿ. ಎಲ್3 ಅಂದ್ರೆ ಬರೀ ಸಾಫ್ಟ್‌ವೇರ್‌ನಲ್ಲಿ. ಅಂಥ ಫೋನಿಗೆ ಎಚ್‌ಡಿ ಕೊಡೋಕೆ ಸಿನಿಮಾದವರು ಒಪ್ಪಲ್ಲ."

"ನಾನು ಎರಡು ಸಲ ಕನ್ನಡಕ ಬದಲಾಯಿಸಿದ್ನಲ್ಲೋ!"

ಆಪ್ ಒಂದು ಸಾಲು ಹೇಳಿದ್ದರೆ ಕನ್ನಡಕದ ದುಡ್ಡಾದರೂ ಉಳಿಯುತ್ತಿತ್ತು.

ಮಾಲತಿಯ ಗೋಳು ಇದನ್ನೆಲ್ಲ ಮೀರಿಸಿದ್ದು. ಸಿನಿಮಾ ನಿಂತುಹೋಗಿ, ಪರದೆ ಮೇಲೆ ಮೂವತ್ತು ಅಕ್ಷರದ ದೋಷಸಂಖ್ಯೆ ಬಂತು. ಗ್ರಾಹಕ ಸೇವೆಯವರು ಸ್ಕ್ರೀನ್‌ಶಾಟ್ ಕಳಿಸಿ ಮೇಡಂ ಅಂದರು. ಕಳಿಸಿದಳು. ಪೂರ್ತಿ ಕಪ್ಪು. "ಸ್ಪಷ್ಟವಾಗಿಲ್ಲ, ಇನ್ನೊಮ್ಮೆ ಕಳಿಸಿ" ಅಂದರು. ಇವಳು ಇನ್ನೊಂದು ಕಪ್ಪು ಕಳಿಸಿದಳು. ಆ ಕಡೆಯವರು ಬಹಳ ವಿನಯವಾಗಿ, "ಮೇಡಂ, ನಿಮ್ಮ ಫೋನ್ ಆನ್ ಇದೆಯಾ?" ಅಂದರಂತೆ.

ಗಿರಿ ತಲೆ ಚಚ್ಚಿಕೊಂಡ. "ಸ್ಕ್ರೀನ್‌ಶಾಟ್ ತಡೆಯೋ ಫ್ಲ್ಯಾಗ್‌ಸೆಕ್ಯೂರ್ ಅನ್ನೋದನ್ನ ಇಡೀ ಆಪ್‌ಗೆ ಬಳಿದುಬಿಟ್ಟಿದ್ದಾರೆ. ವಿಡಿಯೊ ಓಡೋ ಸರ್ಫೇಸ್‌ಗೆ ಮಾತ್ರ ಹಾಕಿದ್ರೆ ಸಾಕಿತ್ತು. ದೋಷದ ಸಂದೇಶಾನ ಕದ್ದು ಯಾರು ಮಾರ್ತಾರೆ?"

"ಕೊನೆಗೆ ಏನು ಮಾಡಿದೆ?"

"ಮಗಳ ಫೋನಿಂದ ನನ್ನ ಫೋನಿನ ಫೋಟೊ ತೆಗೆದೆ."

ಒಂದು ಕ್ಷಣ ಎಲ್ಲರೂ ಸುಮ್ಮನಾದೆವು. ಹೀಗೆ ಇನ್ನೊಂದು ಕ್ಯಾಮೆರಾ ಹಿಡಿದವರನ್ನು ತಡೆಯುವ ಬೀಗ ಇನ್ನೂ ಹುಟ್ಟಿಲ್ಲ ಅಂತ ಕದಿಯುವವರಿಗೆಲ್ಲ ಗೊತ್ತು. ಸಿಕ್ಕಿಬೀಳುವವರು ಮಾಲತಿಯಂಥವರು.

"ಹಾಡಿನವರಿಗೆ ಬೇಗ ಬುದ್ಧಿ ಬಂತು. 2009ರ ಹೊತ್ತಿಗೆ ಆಪಲ್‌ನ ಐಟ್ಯೂನ್ಸ್ ಅಂಗಡಿಯ ಹಾಡುಗಳ ಬೀಗ ತೆಗೆದೇಬಿಟ್ರು," ಅಂದೆ ನಾನು.

"ಅದೇ 2009ರಲ್ಲೇ," ಮಾಲತಿ ತಡೆದಳು, "ಅಮೆಜಾನ್‌ನವರು ಕೊಂಡವರ ಕಿಂಡಲ್ ಅನ್ನೋ ಇ-ಪುಸ್ತಕದ ಸಾಧನದಿಂದ ಪುಸ್ತಕಾನ ಹೇಳದೆ ಕೇಳದೆ ಅಳಿಸಿಹಾಕಿದ್ದು. ಯಾವ ಪುಸ್ತಕ? ಆರ್ವೆಲ್‌ನ ‘1984’! ಮಾರಿದವನಿಗೆ ಹಕ್ಕಿರಲಿಲ್ಲವಂತೆ. ದುಡ್ಡೇನೋ ವಾಪಸ್ ಕೊಟ್ರು."

"2019ರಲ್ಲಿ ಮೈಕ್ರೋಸಾಫ್ಟ್ ಇ-ಪುಸ್ತಕದ ಅಂಗಡಿ ಮುಚ್ಚಿದಾಗಲೂ ಅಷ್ಟೆ, ದುಡ್ಡು ವಾಪಸ್, ಪುಸ್ತಕ ಮಾಯ," ಅಂದ ಗಿರಿ. "ಅದಕ್ಕೇ ನಾನು ಹೇಳೋದು, ‘ಕೊಳ್ಳಿ’ ಅನ್ನೋ ಬಟನ್ ಕೆಳಗೆ ‘ನಾವು ಇರೋವರೆಗೆ’ ಅಂತ ಬರೀರಿ ಅಂತ. ಮೀಟಿಂಗ್‌ನಲ್ಲಿ ಹೇಳಿದೆ ಕೂಡ."

"ಏನಂದ್ರು?"

"ಮುಂದಿನ ಮೀಟಿಂಗ್‌ಗೆ ಕರೀಲಿಲ್ಲ."

ಸೀನನಿಗೆ ಈಗ ನಿಜವಾದ ಸಂಕಟ ನೆನಪಾಯಿತು. "ಅದಿರಲಿ, ಹೊಸ ಫೋನಲ್ಲಿ ‘ಸಾಧನಗಳ ಮಿತಿ ಮೀರಿದೆ, ಹಳೆಯದನ್ನು ಲಾಗೌಟ್ ಮಾಡಿ’ ಅನ್ನುತ್ತಲ್ಲ. ಹಳೇದು ಬಾವಿಗೆ ಬಿದ್ದಿದೆ."

"ಸರ್ವರ್ ಕಡೆಯಿಂದಲೇ ತೆಗೆಯೋ ದಾರಿ ಇರುತ್ತೆ ಕಣೋ. ಖಾತೆ ತೆಗೆದು ‘ಈ ಸಾಧನ ತೆಗೆದುಹಾಕಿ’ ಒತ್ತು."

"ಒತ್ತಿದೆ."

"ಮತ್ತೆ?"

"ನಿಜವಾಗಿಯೂ ನೀವೇನಾ ಅಂತ ಖಾತ್ರಿ ಮಾಡ್ಕೊಳ್ಳೋಕೆ ಬಾವಿಯೊಳಗಿರೋ ಫೋನಿಗೆ ಸಂದೇಶ ಕಳಿಸಿದೆಯಂತೆ."