ಹುಕ್ ಟೈಮಿಂಗ್: ‘ಮುಂದೆ’ ಅಂದರೆ ಬೇಗವೋ, ತಡವೋ?

ಚರ್ಮ ಹೊಲಿಯುವ ದೊಡ್ಡ ಮೆಷಿನ್‌ಗಳಲ್ಲಿ ಹುಕ್ ಟೈಮಿಂಗ್ ಕೂರಿಸುವುದು ಹೇಗೆ ಎಂದು ಕನ್ನಡದಲ್ಲಿ ಒಂದೆರಡು ಪುಟ ಬರೆಯುತ್ತಿದ್ದೇನೆ. ಹುಕ್ ಅಂದರೆ ಸೂಜಿಯ ಕೆಳಗೆ ತಿರುಗುತ್ತಾ ಮೇಲಿನ ದಾರವನ್ನು ಹಿಡಿದು ಬಾಬಿನ್ (ಕೆಳದಾರದ ಉರುಳೆ) ಸುತ್ತ ದಾಟಿಸುವ ಕೊಕ್ಕೆ; ಅದು ಸರಿಯಾದ ಕ್ಷಣಕ್ಕೆ ಸೂಜಿಯ ಹತ್ತಿರ ಬರುವಂತೆ ಮಾಡುವುದೇ ಟೈಮಿಂಗ್. ಓದುವವರು ಶಿವಮೊಗ್ಗದಲ್ಲಿ ಬಸ್ಸು, ಆಟೊ, ಬೈಕುಗಳ ಸೀಟು ಹೊಲಿಯುವ ಹುಡುಗರು. ಸಾಗರ, ತೀರ್ಥಹಳ್ಳಿ ಕಡೆ ಬ್ಯಾಗು, ಬೆಲ್ಟು, ಚಪ್ಪಲಿ ಕೆಲಸ ಮಾಡುವವರು. ಮೆಷಿನ್ ಜೊತೆ ಬರುವ ಕೈಪಿಡಿಯನ್ನು ಇವರಲ್ಲಿ ಹೆಚ್ಚಿನವರು ಬಿಚ್ಚಿಯೂ ನೋಡುವುದಿಲ್ಲ, ಅದು ಇಂಗ್ಲಿಷಿನಲ್ಲಿದೆ. ಬರೆಯುತ್ತಾ ನಾಲ್ಕೈದು ಮಾತುಗಳ ಹತ್ತಿರ ಸಿಕ್ಕಿಕೊಂಡಿದ್ದೇನೆ. ಬಲ್ಲವರು ತಿಳಿಸಬೇಕು.

‘ಟೈಮಿಂಗ್’ ಎಂಬ ಮಾತನ್ನು ತೆಗೆಯುವ ಯೋಚನೆ ನನಗಿಲ್ಲ. ‘ಟೈಮಿಂಗ್ ಔಟಾಗಿದೆ’, ‘ಟೈಮಿಂಗ್ ಕೂರಿಸಬೇಕು’ ಅನ್ನುವುದು ಅಚ್ಚುಕಟ್ಟಾಗಿ ಕನ್ನಡದ್ದೇ ಆಗಿದೆ. ‘ಕಾಲಹೊಂದಾಣಿಕೆ’ ಎಂದು ಬರೆದರೆ ಅಂಗಡಿಯಲ್ಲಿ ಯಾರಿಗೂ ದಾರಿ ತಿಳಿಯದು. ತೊಂದರೆ ಇರುವುದು ಈ ಒಂದೇ ಮಾತು ಎಲ್ಲ ಕಾಯಿಲೆಗೂ ಹೆಸರಾಗಿರುವುದರಲ್ಲಿ. ಹೊಲಿಗೆ ಬಿಟ್ಟರೂ ಟೈಮಿಂಗ್, ದಾರ ಎಳೆಯೆದ್ದರೂ ಟೈಮಿಂಗ್, ಸೂಜಿ ಮುರಿದರೂ ಟೈಮಿಂಗ್. ಸ್ಕ್ರೂಡ್ರೈವರ್ ಸೀದಾ ಹುಕ್ಕಿನ ಸ್ಕ್ರೂಗೆ ಹೋಗುತ್ತದೆ, ಸರಿಯಾಗಿದ್ದದ್ದೂ ಕೆಡುತ್ತದೆ.

ಅಲ್ಲಿ ನಡೆಯುವುದು ಇಷ್ಟು. ಸೂಜಿ ಪೂರ್ತಿ ಕೆಳಗಿಳಿದು ಮತ್ತೆ ಮೇಲೇಳಲು ಶುರುಮಾಡಿದಾಗ, ಚರ್ಮ ದಾರವನ್ನು ಬಿಗಿಯಾಗಿ ಹಿಡಿದಿರುವುದರಿಂದ, ದಾರ ಸೂಜಿಯ ಬೆನ್ನಿಗೆ ಚೂರು ಉಬ್ಬಿ ಕುಣಿಕೆಯಾಗುತ್ತದೆ. ಸರಿಯಾಗಿ ಆ ಕ್ಷಣಕ್ಕೆ ಹುಕ್ಕಿನ ತುದಿ ಬಂದು ಕುಣಿಕೆಯೊಳಗೆ ನುಗ್ಗಬೇಕು. ಸಾಮಾನ್ಯವಾಗಿ ಸೂಜಿ ತಳದಿಂದ 2ರಿಂದ 2.5 ಮಿ.ಮೀ. ಎದ್ದಿರುವಾಗ ಹುಕ್ಕಿನ ತುದಿ ಸೂಜಿಯ ಅಗಲದ ನಟ್ಟನಡುವೆ ಇರಬೇಕು. ಆಗ ಆ ತುದಿ ಸೂಜಿಗಣ್ಣಿನ ಮೇಲಂಚಿಗಿಂತ ಸುಮಾರು ಒಂದೂವರೆ ಮಿ.ಮೀ. ಮೇಲಿರಬೇಕು. ಸೂಜಿಗೂ ತುದಿಗೂ ನಡುವೆ 0.05ರಿಂದ 0.1 ಮಿ.ಮೀ., ಅಂದರೆ ಒಂದು ತೆಳು ಕಾಗದದಷ್ಟು ಜಾಗ ಉಳಿಯಬೇಕು. ಮೆಷಿನ್‌ನಿಂದ ಮೆಷಿನ್‌ಗೆ ಅಂಕಿ ಅಷ್ಟಿಷ್ಟು ಬದಲಾಗುತ್ತದೆ, ಮೂರು ಅಳತೆಗಳು ಮಾತ್ರ ಎಲ್ಲದರಲ್ಲೂ ಇವೆ. ಇವಕ್ಕೆ ನಾನು ‘ಏರು’, ‘ಎತ್ತರ’, ‘ಸಂದು’ ಎಂದು ಬರೆದಿದ್ದೇನೆ. ಏರು, ಸಂದು ಎರಡೂ ಓದಿದವರಿಗೆ ತಕ್ಷಣ ಹಿಡಿದವು. ‘ಎತ್ತರ’ದಲ್ಲಿ ಗೊಂದಲ ಇದೆ: ಸೂಜಿ ಹಿಡಿದಿರುವ ಸರಳನ್ನು ಮೇಲೆ ಕೆಳಗೆ ಮಾಡುವುದಕ್ಕೂ ‘ಎತ್ತರ ಸೆಟ್ ಮಾಡು’ ಅಂತಲೇ ಹೇಳುತ್ತಾರೆ. ನಿಜಕ್ಕೂ ಈ ಒಂದೂವರೆ ಮಿ.ಮೀ. ಸರಿಹೋಗುವುದು ಆ ಸರಳಿನಿಂದಲೇ. ಹಾಗಾಗಿ ಒಂದೇ ಮಾತು ನಡೆದೀತು ಅನ್ನುವುದು ನನ್ನ ಅನಿಸಿಕೆ, ಬೇರೆ ಅಭಿಪ್ರಾಯ ಇದ್ದರೆ ಹೇಳಿ.

ನನಗೆ ಹೆಚ್ಚು ಕಾಡುತ್ತಿರುವುದು ‘ಮುಂದೆ’, ‘ಹಿಂದೆ’. ಹುಕ್ಕನ್ನು ಅದು ತಿರುಗುವ ದಿಕ್ಕಿನಲ್ಲೇ ಒಂದಿಷ್ಟು ತಿರುಗಿಸಿ ಬಿಗಿ ಮಾಡಿದರೆ ಅದು ಸೂಜಿಯ ಹತ್ತಿರ ಬೇಗ ಬರುತ್ತದೆ. ಮೆಕ್ಯಾನಿಕ್ಕುಗಳು ಇದಕ್ಕೆ ‘ಸ್ವಲ್ಪ ಮುಂದಕ್ಕೆ ಹಾಕು’ ಅನ್ನುತ್ತಾರೆ. ಆದರೆ ಅದೇ ಜನ ‘ಮದುವೆ ಮುಂದಕ್ಕೆ ಹಾಕಿದರು’ ಅಂದಾಗ ತಡವಾಯಿತು ಎಂದೇ ಅರ್ಥ. ಗಡಿಯಾರ ‘ಐದು ನಿಮಿಷ ಮುಂದಿದೆ’ ಅಂದರೆ ಮತ್ತೆ ಬೇಗ! ಎದುರಿಗೆ ನಿಂತು ಕೈ ತೋರಿಸಿ ಹೇಳುವಾಗ ಅಡ್ಡಿಯಿಲ್ಲ. ಫೋನಿನಲ್ಲಿ ಹೊಸನಗರದಿಂದ ಒಬ್ಬರು ಕೇಳಿದಾಗ, ಅಥವಾ ಹೀಗೆ ಕಾಗದದ ಮೇಲೆ ಬರೆಯುವಾಗ, ಓದಿದವನು ಉಲ್ಟಾ ತಿರುಗಿಸಿಬಿಡಬಹುದು. ಇಲ್ಲಿ ಉಲ್ಟಾ ಆದರೆ ಪರಿಣಾಮವೂ ಬೇರೆ. ಹುಕ್ ಬೇಗ ಬಂದರೆ ಕುಣಿಕೆ ಇನ್ನೂ ಉಬ್ಬಿರುವುದಿಲ್ಲ, ತುದಿ ದಾರ ಸಿಗದೆ ಹಾದುಹೋಗುತ್ತದೆ. ತಡವಾದರೆ ಅಷ್ಟರಲ್ಲಿ ಸೂಜಿಗಣ್ಣು ಮೇಲೇರಿ ತುದಿಯ ಮಟ್ಟಕ್ಕೆ ಬಂದಿರುತ್ತದೆ. ಕುಣಿಕೆ ಕೈತಪ್ಪುತ್ತದೆ, ಇಲ್ಲವೇ ತುದಿ ದಾರದ ಎಳೆಗಳನ್ನೇ ಸೀಳುತ್ತದೆ. ಆದ್ದರಿಂದ ಮುಂದೆ–ಹಿಂದೆ ಎರಡನ್ನೂ ಬಿಟ್ಟು ‘ಹುಕ್ ಬೇಗ ಬರುತ್ತಿದೆ’, ‘ತಡವಾಗಿ ಬರುತ್ತಿದೆ’ ಎಂದೇ ಬರೆದಿದ್ದೇನೆ. ಗ್ಯಾರೇಜಿನಲ್ಲಿ ಎಂಜಿನ್ ಕೆಲಸ ಮಾಡುವವರಿಗೂ ಇದೇ ಸಮಸ್ಯೆ ಇರಬೇಕು. ಅಲ್ಲಿ ಏನನ್ನುತ್ತಾರೆ?

ಹುಕ್ಕಿನ ತುದಿಗೆ ಹೆಚ್ಚಿನವರು ‘ನೋಕ್’ ಅನ್ನುತ್ತಾರೆ. ನಾನು ‘ಕೊಕ್ಕು’ ಎಂದು ಬರೆದಿದ್ದೇನೆ. ನೋಡಿದರೂ ಅದು ಕೊಕ್ಕೇ: ಚೂಪಾಗಿ, ಚೂರು ಬಾಗಿ. ಮಳೆಗಾಲದಲ್ಲಿ ವಾರಗಟ್ಟಲೆ ಮೆಷಿನ್ ಮುಟ್ಟದಿದ್ದರೆ ಅದರ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ; ಉಗುರು ಆಡಿಸಿದರೆ ತರಿತರಿ ಸಿಗುತ್ತದೆ. ಆಗ ದಾರ ಎಳೆಯೇಳುವುದು ಆ ತರಿಯಿಂದ, ಟೈಮಿಂಗಿನಿಂದಲ್ಲ. ಸೂಜಿ ಮೊಂಡಾಗಿದ್ದರೂ, ಬಾಗಿದ್ದರೂ, ತಿರುಗಿಸಿ ಹಾಕಿದ್ದರೂ ಹೊಲಿಗೆ ಬಿಡುತ್ತದೆ. ಒತ್ತುಗಾಲಿನ ಬಿಗಿ ಕಡಿಮೆಯಾಗಿ ಚರ್ಮವೇ ಸೂಜಿಯ ಜೊತೆ ಮೇಲೆದ್ದರೂ ಅಷ್ಟೇ, ಕುಣಿಕೆ ಆಗುವುದೇ ಇಲ್ಲ. ಇವನ್ನೆಲ್ಲ ನೋಡಿಕೊಂಡ ಮೇಲೇ ಹುಕ್ಕಿಗೆ ಕೈ ಹಾಕಿ ಎಂದು ದಪ್ಪಕ್ಷರದಲ್ಲಿ ಹಾಕುತ್ತೇನೆ.

ಸೂಜಿಯದೇ ಎರಡು ಭಾಗಗಳಿಗೆ ನನಗೆ ಪದ ಸಿಕ್ಕಿಲ್ಲ. ಒಂದು ಕಡೆ ಉದ್ದಕ್ಕೂ ದಾರ ಕೂರುವ ಗೀರು ಇದೆ, ತೋಟದ ಕಾದಿಗೆಯ ಹಾಗೆ. ಅದಕ್ಕೆ ‘ಗೀರು’ ಸಾಕಾದೀತು. ಇನ್ನೊಂದು ಕಡೆ, ಕಣ್ಣಿನ ಸ್ವಲ್ಪ ಮೇಲೆ, ಲೋಹ ತುಸು ಕೆತ್ತಿದಂತೆ ಒಳಗೆ ಹೋಗಿರುತ್ತದೆ. ಕೊಕ್ಕು ಸೂಜಿಗೆ ತಗುಲದೆ ಹತ್ತಿರ ಹಾಯಲಿ ಎಂದು. ಸಂದು ಅಳೆಯುವುದು ಇಲ್ಲೇ. 110ನೇ ನಂಬರಿನ ಸೂಜಿ ತೆಗೆದು 160 ಹಾಕಿದರೆ ದಪ್ಪ 1.1 ಮಿ.ಮೀ.ಯಿಂದ 1.6ಕ್ಕೆ ಹೋಗುತ್ತದೆ. ನಿನ್ನೆ ಸರಿಯಿದ್ದ ಸಂದು ಇವತ್ತು ಇರುವುದಿಲ್ಲ, ಕೊಕ್ಕು ಸೂಜಿಯನ್ನು ತಿಕ್ಕುತ್ತದೆ. ಇಷ್ಟು ಮುಖ್ಯವಾದ ಜಾಗಕ್ಕೆ ಅಂಗಡಿಯಲ್ಲಿ ‘ಸೂಜಿ ಬೆನ್ನು’ ಅನ್ನುವುದು ಬಿಟ್ಟರೆ ಬೇರೆ ಹೆಸರು ಕೇಳಿಲ್ಲ. ‘ತಗ್ಗು’ ಅನ್ನಬಹುದೇ, ‘ಕೊರೆ’ ಅನ್ನಬಹುದೇ?

ಇನ್ನೊಂದು, ಇದು ಸಣ್ಣದು. ಪೂರ್ತಿ ಸುತ್ತು ತಿರುಗುವ ಹುಕ್ ಇರುವ ಹೆಚ್ಚಿನ ಮೆಷಿನ್‌ಗಳಲ್ಲಿ ಅದು ಒಂದು ಹೊಲಿಗೆಗೆ ಎರಡು ಸುತ್ತು ತಿರುಗುತ್ತದೆ; ಒಂದು ಸುತ್ತಿನಲ್ಲಿ ಕುಣಿಕೆ ಹಿಡಿದು ಬಾಬಿನ್ ಸುತ್ತ ದಾಟಿಸುತ್ತದೆ, ಇನ್ನೊಂದರಲ್ಲಿ ಸುಮ್ಮನೆ ಬರುತ್ತದೆ. ಆ ಎರಡನೆಯದನ್ನು ‘ಖಾಲಿ ಸುತ್ತು’ ಎಂದು ಬರೆದಿದ್ದೇನೆ. ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡುವವರು ಈ ಸುತ್ತನ್ನು ಕಂಡು ‘ಕೊಕ್ಕು ಸೂಜಿಗೆ ಸಿಗ್ತಾನೇ ಇಲ್ಲ’ ಎಂದು ಗಾಬರಿಯಾಗುತ್ತಾರೆ, ಅದಕ್ಕೆ ಹೆಸರು ಬೇಕು.

ಚರ್ಮದ ಕೈಹೊಲಿಗೆ ಮಾಡುತ್ತಿದ್ದ ಮನೆತನದವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಲ್ಲಿ ವಿಶೇಷವಾಗಿ ಕೇಳುತ್ತೇನೆ. ರಂಪಿಗೆ, ದಬ್ಬಳ, ಅಟ್ಟೆ, ಬಾರು ಇವೆಲ್ಲ ನಿಮ್ಮ ಕೆಲಸದ ಮಾತುಗಳು. ಎರಡು ಕಡೆಯಿಂದ ದಾರ ಹಾಕಿ ಹೊಲಿಯುವಾಗ ಒಂದು ದಾರ ಇನ್ನೊಂದನ್ನು ಹಿಡಿಯುವ ಆ ಜಾಗಕ್ಕೆ, ಅರ್ಧ ಎಳೆದು ಬಿಟ್ಟ ಸಡಿಲ ಕುಣಿಕೆಗೆ ಮನೆಯಲ್ಲಿ ಏನನ್ನುತ್ತಿದ್ದರು? ಊರಿನ ಹೆಸರೂ ಜೊತೆಗೆ ತಿಳಿಸಿ. ಘಟ್ಟದ ಮೇಲಿನ ಮಾತು ಒಂದು, ಶಿಕಾರಿಪುರದ ಬಯಲಿನ ಮಾತು ಇನ್ನೊಂದು ಇದ್ದರೆ ಎರಡನ್ನೂ ಸೂಚನೆಯಲ್ಲಿ ಹಾಕುತ್ತೇನೆ.